ಎಂಟು ಸಾವಿರ ಎಕರೆ, ಒಂದು ಪದ

ಪೆರಿಯಾರ್ ನದಿಯ ಅಣೆಕಟ್ಟೆಯಲ್ಲಿ ಸಾಕಷ್ಟು ನೀರಿದ್ದ ವರ್ಷ ಜೂನ್ 1ಕ್ಕೆ ತೇಕ್ಕಡಿಯ ತೂಬು ಎತ್ತುವುದು ವಾಡಿಕೆ. ಪೂಜೆ ಮುಗಿದು, ಹೂವು ತೂರಿ, ಬಾಗಿಲು ಮೇಲೆದ್ದರೆ ನೀರು ಪಶ್ಚಿಮ ಘಟ್ಟದ ಹೊಟ್ಟೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಅರಬ್ಬಿ ಸಮುದ್ರದ ಕಡೆ ಮುಖ ಮಾಡಿದ್ದ ನೀರು ಅಲ್ಲಿಂದ ಪೂರ್ವಕ್ಕೆ ತಿರುಗಿ, ಬೆಟ್ಟದ ಬುಡದ ಲೋವರ್ ಕ್ಯಾಂಪಿಗೆ ಇಳಿದು, ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರಿನ ಗದ್ದೆಗಳಿಗೆ ಹರಿಯುತ್ತದೆ. ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ಎರಡು ಬೆಳೆ ಭತ್ತ ತೆಗೆಯುವ 14,707 ಎಕರೆಯ ಮೊದಲ ಬೆಳೆ ನಿಂತಿರುವುದು ಈ ನೀರಿನ ಮೇಲೆ. ಮಿಕ್ಕದ್ದು ವೈಗೈ ಸೇರಿ, ಪೇರಣೈ ಒಡ್ಡಿನಿಂದ ದಿಂಡಿಗಲ್ ಜಿಲ್ಲೆಯ ನೀಲಕ್ಕೋಟ್ಟೈ ಸೀಮೆ ಹಾದು ಮದುರೆಯ ಕಡೆ ಹೋಗುತ್ತದೆ.

ಈ ಕಣಿವೆಗೂ ಕನ್ನಡಕ್ಕೂ ಹಳೆಯ ನಂಟು. ಕಂಬಂ ಮತ್ತು ಸುತ್ತಲ ಊರುಗಳಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಒಕ್ಕಲಿಗ ಮನೆತನಗಳಿವೆ. ಸುತ್ತಲಿನವರು ಅವರನ್ನು ಕಾಪ್ಪಿಲಿಯರ್ ಎಂದು ಕರೆಯುತ್ತಾರೆ. ಬೀದಿಯಲ್ಲಿ ತಮಿಳು ಆಡುವ ಅವರಿಗೆ ಮನೆಯೊಳಗಿನ ಮಾತು ಕನ್ನಡ. ಅಣೆಕಟ್ಟೆ ಕಟ್ಟಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಎಂದರೆ ಜಾತಿ ಭಾಷೆಗಳ ಭೇದವಿಲ್ಲದೆ ಈ ಕಣಿವೆಯವರೆಲ್ಲರಿಗೂ ದೇವರ ಸಮಾನ. ಅವರ ಜನ್ಮದಿನವಾದ ಜನವರಿ 15ರಂದು ಪೊಂಗಲ್ ಬೇಯಿಸಿ ಎಡೆ ಇಡುತ್ತಾರೆ, ಲೋವರ್ ಕ್ಯಾಂಪಿನಲ್ಲಿ ಸ್ಮಾರಕವಿದೆ, ತೇನಿಯ ಬಸ್ ನಿಲ್ದಾಣಕ್ಕೂ ಅವರದೇ ಹೆಸರು.

ಆದರೆ ನೀರು ಕಣಿವೆಗೆ ಬಂದದ್ದು ಕಲ್ಲು, ಸುಣ್ಣ, ಸುರ್ಕಿಯ ಗೋಡೆಯೊಂದರಿಂದಲೇ ಅಲ್ಲ. ಗೋಡೆಗೂ ಮುಂಚೆ ಒಂದು ಕಾಗದ ಇತ್ತು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರ್ಕಾರಕ್ಕೂ ನಡುವೆ ಆದ ಗುತ್ತಿಗೆ ಪತ್ರ ಅದು. ಆಗ ಪಟ್ಟದಲ್ಲಿದ್ದವರು ಮೂಲಂ ತಿರುನಾಳ್ ಮಹಾರಾಜರು. 1895ರ ಅಕ್ಟೋಬರಿನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್ಲಾಕ್ ಉದ್ಘಾಟಿಸಿದ ಅಣೆಕಟ್ಟೆ ಇವತ್ತಿಗೂ ನಿಂತಿದೆ. ಕಾಗದವೂ ಜಾರಿಯಲ್ಲಿದೆ. ಗೋಡೆಯ ಬಿರುಕುಗಳ ಬಗ್ಗೆ ತಿರುವಾಂಕೂರು, ಮದರಾಸುಗಳ ವಾರಸುದಾರ ರಾಜ್ಯಗಳಾದ ಕೇರಳ, ತಮಿಳುನಾಡುಗಳು ನಲವತ್ತು ವರ್ಷಕ್ಕೂ ಮೀರಿ ವಾದಿಸಿವೆ. ಕಾಗದದೊಳಗಿನ ಬಿರುಕು ಅದಕ್ಕಿಂತ ಹಳೆಯದು, ಮತ್ತು ಇಂದು ಯಾವುದೇ ಕರಾರು ಬರೆಯಲು ಕೂರುವವರು ಕಲಿಯಬೇಕಾದದ್ದು ಅದರಲ್ಲೇ ಹೆಚ್ಚು ಇದೆ.

ಆ ಪತ್ರ ಬರೆದವರು ಅಜಾಗರೂಕರಾಗಿರಲಿಲ್ಲ. ಅಳೆಯಬಹುದಾದದ್ದನ್ನೆಲ್ಲ ಅಳೆದಿದ್ದರು. ಅಣೆಕಟ್ಟೆಯ ಜಾಗದಲ್ಲಿ ನದೀಪಾತ್ರದ ಅತಿ ಆಳದ ಬಿಂದುವಿನಿಂದ 155 ಅಡಿ ಎತ್ತರಕ್ಕೆ ಒಂದು ರೇಖೆ ಎಳೆದರೆ ಅದರ ಕೆಳಗೆ ಬರುವ ಸುಮಾರು 8,000 ಎಕರೆ, ಜೊತೆಗೆ ಕೆಲಸಕ್ಕೆ ಬೇಕಾದಲ್ಲಿ ಆರಿಸಿಕೊಳ್ಳಲು 100 ಎಕರೆ. ವರ್ಷದ ಬಾಡಿಗೆ 40,000 ರೂಪಾಯಿ, ಅಂದರೆ ಎಕರೆಗೆ 5. ಆ ಹಣವೂ ಕೈಗೆ ಬರುವಂಥದ್ದಲ್ಲ, ತಿರುವಾಂಕೂರು ಬ್ರಿಟಿಷರಿಗೆ ಕೊಡಬೇಕಿದ್ದ ಕಪ್ಪದಲ್ಲಿ ವಜಾ ಆಗುವಂಥದ್ದು. ಭೂಮಿಯೊಳಗಿನ ಖನಿಜ, ರತ್ನಗಳು ಸಂಸ್ಥಾನಕ್ಕೇ ಉಳಿದವು. ಮರ ಕಡಿಯುವ, ಮೀನು ಹಿಡಿಯುವ, ದಾರಿ ಬಳಸುವ ಹಕ್ಕುಗಳು ಒಂದೊಂದಾಗಿ ನಮೂದಾದವು. ಅವಧಿ 999 ವರ್ಷ, ಬೇಕೆಂದರೆ ಇನ್ನೂ 999.

ಇಷ್ಟೆಲ್ಲ ಯಾತಕ್ಕಾಗಿ ಎಂಬುದು ಮಾತ್ರ ಒಂದು ಪದದಲ್ಲಿ ಮುಗಿಯಿತು: ನೀರಾವರಿ. ನೀರಾವರಿ ಕಾಮಗಾರಿಗಳು ಮತ್ತು ಅವಕ್ಕೆ ಪೂರಕವಾದ ಇತರ ಕಾಮಗಾರಿಗಳು.

1886ರಲ್ಲಿ ಆ ಪದ ಸಾಕೇ ಸಾಕಾಗಿತ್ತು. ಬೀಳುವ ನೀರಿನಿಂದ ದೀಪ ಉರಿಸಬಹುದೆಂಬುದು ದಕ್ಷಿಣ ಭಾರತದಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಅದಾದ ಮೇಲೆ ಎತ್ತರದಿಂದ ಬೀಳುವ ಪ್ರತಿಯೊಂದು ನೀರಿಗೂ ಹೊಸ ಬೆಲೆ ಬಂತು. ಪೆರಿಯಾರಿನ ನೀರು ಸುರಂಗ ದಾಟಿ ಕಣಿವೆಗೆ ಧುಮುಕುವುದು ನೂರಾರು ಅಡಿ ಎತ್ತರದಿಂದ. ಮದರಾಸು ಸರ್ಕಾರ ಅಲ್ಲಿ ವಿದ್ಯುತ್ ತೆಗೆಯಬೇಕೆಂದಾಗ ತಿರುವಾಂಕೂರು ತಡೆಯಿತು. ಪತ್ರದಲ್ಲೇ ಇದ್ದ ಪಂಚಾಯ್ತಿ ಕಲಮಿನಂತೆ ಎರಡೂ ಕಡೆಯ ಮಧ್ಯಸ್ಥರು ಕೂತರು, ಒಮ್ಮತಕ್ಕೆ ಬರಲಿಲ್ಲ. ಪ್ರಕರಣ ಅಂಪೈರ್ ಆಗಿ ನೇಮಕವಾದ ಸರ್ ನಳಿನಿ ರಂಜನ್ ಚಟರ್ಜಿಯವರ ಮುಂದೆ ಹೋಯಿತು.

ಇಲ್ಲಿಯ ವಾದ ನಿಜಕ್ಕೂ ಸೂಕ್ಷ್ಮವಾದದ್ದು. ನೀರಾವರಿಗೆಂದು ಬಿಟ್ಟ ನೀರು ಹೇಗೂ ಬೆಟ್ಟದಿಂದ ಕೆಳಗೆ ಬೀಳಲೇಬೇಕು. ಬೀಳುವ ದಾರಿಯಲ್ಲಿ ಒಂದು ಚಕ್ರ ತಿರುಗಿಸಿದರೆ ಹನಿ ನೀರೂ ಕಡಿಮೆಯಾಗುವುದಿಲ್ಲ, ಕೆಳಗಿನ ಗದ್ದೆಗೆ ಅಷ್ಟೇ ನೀರು ಹೋಗುತ್ತದೆ. ಕೊಟ್ಟವನಿಗೆ ನಷ್ಟವೇನು? ಪತ್ರದಲ್ಲಿ ನೀರನ್ನೆಲ್ಲ ಕೊಟ್ಟಿದ್ದೇನೆ ಎಂದ ಮೇಲೆ ಪಡೆದವನು ಅದರಿಂದ ಏನು ಮಾಡಿದರೂ ಅವನ ಇಷ್ಟವಲ್ಲವೇ? ಮತ್ತೊಂದು ಕಡೆಯ ಉತ್ತರವೂ ಅಷ್ಟೇ ಬಲವಾದದ್ದು: ನೀರಿನ ತೇವಕ್ಕೆ ಬೆಲೆ ಕಟ್ಟಿ ಗುತ್ತಿಗೆಗೆ ಕೊಟ್ಟಿದ್ದೇವೆ, ಅದರ ಬೀಳುವಿಕೆಯ ಶಕ್ತಿಗೆ ಯಾರೂ ಬೆಲೆ ಕಟ್ಟಿಲ್ಲ. 1941ರ ಮೇ ತಿಂಗಳಲ್ಲಿ ಚಟರ್ಜಿ ತಿರುವಾಂಕೂರಿನ ಪರವಾಗಿ ತೀರ್ಪು ಕೊಟ್ಟರು. ಗುತ್ತಿಗೆ ನೀರಾವರಿಗೆ ಮಾತ್ರ, ವಿದ್ಯುತ್ ಅದರ ವ್ಯಾಪ್ತಿಯಲ್ಲಿಲ್ಲ ಎಂಬುದು ಅದರ ಸಾರ.

ಆ ತೀರ್ಪು ಸರಿ ಎಂದೇ ತೋರುತ್ತದೆ. ವಸ್ತುವನ್ನು ಕೊಡುವುದೂ ವಸ್ತುವಿನ ಒಂದು ಬಳಕೆಯನ್ನು ಕೊಡುವುದೂ ಒಂದೇ ಅಲ್ಲ. ತೋಟದ ಫಸಲನ್ನು ಗುತ್ತಿಗೆಗೆ ಹಿಡಿದವನು ಮರ ಕಡಿದು ಸಾಗಿಸಿ, ಎಲ್ಲವೂ ತೋಟದೊಳಗೇ ಇತ್ತು ಎಂದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಆದರೂ ಸರಿಯಾದ ತೀರ್ಪು ನಾಡಿಗೆ ಉಪಕಾರವಾಗುವ ತೀರ್ಪೇ ಆಗಬೇಕೆಂದಿಲ್ಲ. ಯಾರಿಗೂ ನಷ್ಟವಿಲ್ಲದೆ ಸಿಗಬಹುದಾಗಿದ್ದ ವಿದ್ಯುತ್ತಿಗೆ ಒಂದು ಪದ ಅಡ್ಡ ನಿಂತಿತು. ಪತ್ರದಲ್ಲಿ ಹೊಸ ಬಳಕೆಯ ಬಗ್ಗೆ ಎರಡು ಸಾಲು ಇದ್ದಿದ್ದರೆ, ಹೊಸ ಉಪಯೋಗ ಕಂಡುಬಂದರೆ ಹೊಸ ಬೆಲೆಯನ್ನು ಹೀಗೆ ಕೂತು ನಿರ್ಧರಿಸತಕ್ಕದ್ದು ಎಂದಿದ್ದರೆ, ಆ ಜಗಳ ಲೆಕ್ಕದ ಜಗಳವಾಗುತ್ತಿತ್ತು. ಲೆಕ್ಕದ ಜಗಳ ಮುಗಿಯುತ್ತದೆ. ಹಕ್ಕಿನ ಜಗಳ ಹಾಗಲ್ಲ.

ಕಡೆಗೆ ಆದದ್ದೂ ಹೆಚ್ಚುಕಡಿಮೆ ಅದೇ, ಆದರೆ ತಲೆಕೆಳಗಾದ ಕ್ರಮದಲ್ಲಿ. ಸ್ವಾತಂತ್ರ್ಯದ ನಂತರ ಲೋವರ್ ಕ್ಯಾಂಪಿನಲ್ಲಿ ವಿದ್ಯುದಾಗಾರ ಎದ್ದಿತು. 1950ರ ದಶಕದ ಕೊನೆಗೆ ಮೊದಲ ಯಂತ್ರ ತಿರುಗಿತು, ನಾಲ್ಕು ಯಂತ್ರ ಸೇರಿ 140 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬಂತು. ಅದಕ್ಕೆ ಬೇಕಾದ ಒಪ್ಪಂದ ಸಹಿಯಾದದ್ದು ಆಮೇಲೆ, 1970ರ ಮೇ 29ರಂದು, ಕೇರಳದಲ್ಲಿ ಸಿ. ಅಚ್ಯುತ ಮೇನನ್, ತಮಿಳುನಾಡಿನಲ್ಲಿ ಎಂ. ಕರುಣಾನಿಧಿ ಮುಖ್ಯಮಂತ್ರಿಗಳಾಗಿದ್ದಾಗ. ಎಕರೆ ಬಾಡಿಗೆ 5ರಿಂದ 30 ರೂಪಾಯಿಗೆ ಏರಿತು, ಅದೂ 1954ರಿಂದ ಪೂರ್ವಾನ್ವಯವಾಗಿ. ಮೂವತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಗೆ ಜಾಗ ಬಿಡಲಾಯಿತು. ಮೀನಿನ ಹಕ್ಕು ಕೇರಳಕ್ಕೆ ಮರಳಿತು. ವಿದ್ಯುತ್ತಿಗೆ ಒಪ್ಪಿಗೆ ಸಿಕ್ಕಿತು, ಉತ್ಪಾದನೆಯ ಲೆಕ್ಕದಲ್ಲಿ ಕೇರಳಕ್ಕೆ ಹಣ ಸಲ್ಲುವಂತಾಯಿತು. ವ್ಯಾಪ್ತಿಯನ್ನು ಬರೆಯುವ ಕಲೆಯ ದೃಷ್ಟಿಯಿಂದ ಈ ಪೂರಕ ಪತ್ರ ಮೂಲಕ್ಕಿಂತ ಎಷ್ಟೋ ಮೇಲು. ಪ್ರತಿಯೊಂದು ಬಳಕೆಗೂ ಅದರದೇ ಹೆಸರು, ಅದರದೇ ಬೆಲೆ ಇದೆ. ಇವತ್ತು ಪೆರಿಯಾರಿನ ವಿದ್ಯುತ್ತಿನ ಬಗ್ಗೆ ದೊಡ್ಡ ಕಲಹ ಕೇಳಿಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಎಲ್ಲವನ್ನೂ ಹೆಸರಿಸಿ ಬರೆಯುವುದು ಅಷ್ಟು ಒಳ್ಳೆಯದಾದರೆ 1892ರ ಮೈಸೂರು ಒಪ್ಪಂದ ಯಾಕೆ ಉರುಳಾಯಿತು?

ಕನ್ನಡಿಗರಿಗೆ ಈ ಪ್ರಶ್ನೆ ಪರರದಲ್ಲ. ಪೆರಿಯಾರ್ ಗುತ್ತಿಗೆಯಾದ ಆರು ವರ್ಷಕ್ಕೆ, ಅದೇ ಮದರಾಸು ಸರ್ಕಾರ ಮೈಸೂರಿನೊಡನೆ ಮಾಡಿಕೊಂಡ ಒಪ್ಪಂದ ಪೂರ್ತಿ ವ್ಯಾಪ್ತಿಯನ್ನು ಕುರಿತದ್ದೇ. ಮದರಾಸಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಮೈಸೂರು ಎಲ್ಲೆಲ್ಲಿ ಹೊಸ ನೀರಾವರಿ ಕೆಲಸ ಮಾಡಕೂಡದು ಎಂಬ ಎಲ್ಲೆಯನ್ನು ಅದು ಗೊತ್ತುಮಾಡಿತು. ಹದಿನೈದು ಮುಖ್ಯ ನದಿಗಳ ಹೆಸರು ಅನುಬಂಧದಲ್ಲಿತ್ತು. ಹೊಸ ಕೆಲಸ ಎಂದರೇನು, ದುರಸ್ತಿ ಎಂದರೇನು ಎಂದೂ ವಿವರಣೆ ಇತ್ತು. ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ, ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟಲು ಹೊರಟಾಗ ತಕರಾರು ಎದ್ದಿತು. ಮದರಾಸು 11 ಟಿಎಂಸಿ ಸಂಗ್ರಹಕ್ಕೆ ಮಾತ್ರ ಒಪ್ಪಿದರೆ ಮೈಸೂರು ಅದಕ್ಕಿಂತ ಬಹಳ ದೊಡ್ಡ ಕಟ್ಟೆಗೆ ಸಾಕಾಗುವ ಬುನಾದಿ ಹಾಕಿತು. ಸರ್ ಎಚ್.ಡಿ. ಗ್ರಿಫಿನ್ ಅವರ ಮುಂದೆ ಮಧ್ಯಸ್ಥಿಕೆ ನಡೆದು 1914ರಲ್ಲಿ ತೀರ್ಪು ಬಂತು. ಅದನ್ನೂ ಮದರಾಸು ಒಪ್ಪಲಿಲ್ಲ. ಎಳೆದಾಟ 1924ರ ಒಪ್ಪಂದದಲ್ಲಿ ಬಂದು ನಿಂತಿತು.

ಅಂದರೆ ಪೆರಿಯಾರಿನಲ್ಲಿ ಉದ್ದೇಶ ಬಿಡಿಬಿಡಿಯಾಗಿ ಬರೆಯದೆ ತೊಂದರೆ, ಕಾವೇರಿಯಲ್ಲಿ ಬಿಡಿಬಿಡಿಯಾಗಿ ಬರೆದು ತೊಂದರೆ. ಎರಡರಲ್ಲೂ ಸಮಾನವಾಗಿ ಕಾಣೆಯಾಗಿದ್ದದ್ದು ಕಾಲ. 1892ರ ಪಟ್ಟಿಗೆ ಮುಕ್ತಾಯದ ದಿನ ಇರಲಿಲ್ಲ. 1886ರ ಪದಕ್ಕೆ 999 ವರ್ಷ ಇತ್ತು, ಮನುಷ್ಯರ ಲೆಕ್ಕದಲ್ಲಿ ಅದೂ ಮುಕ್ತಾಯವಿಲ್ಲದ್ದೇ. ಒಪ್ಪಂದದ ಅವಧಿ ಉದ್ದವಾದಷ್ಟೂ ಅದರ ವ್ಯಾಪ್ತಿಯನ್ನು ಮತ್ತೆ ಮತ್ತೆ ತೆರೆದು ನೋಡುವ ಬಾಗಿಲುಗಳು ಹೆಚ್ಚಾಗಬೇಕು. ಒಂದು ವರ್ಷದ ಅಂಗಡಿ ಬಾಡಿಗೆ ಕರಾರಿನಲ್ಲಿ ಒಂದು ಪದ ಸಡಿಲವಾಗಿದ್ದರೆ ಮುಂದಿನ ಯುಗಾದಿಗೆ ಸರಿಪಡಿಸಬಹುದು. ಸಾವಿರ ವರ್ಷದ ಕರಾರಿನ ಸಡಿಲ ಪದ ಮೊಮ್ಮಕ್ಕಳ ಮೊಮ್ಮಕ್ಕಳ ಕೈಗೆ ಜಗಳವಾಗಿ ಹೋಗುತ್ತದೆ.

1924ರ ಒಪ್ಪಂದ ಅಂಥ ಬಾಗಿಲು ಇಟ್ಟಿತ್ತು: ಐವತ್ತು ವರ್ಷದ ನಂತರ, ಅನುಭವದ ಬೆಳಕಿನಲ್ಲಿ, ಕೆಲವು ಕಲಮುಗಳ ಮಿತಿ ಮತ್ತು ಏರ್ಪಾಡುಗಳನ್ನು ಮರುಪರಿಶೀಲಿಸಬಹುದು. ಬಾಗಿಲಿನ ಅಳತೆಯೇ ತಪ್ಪಿತು. 1974 ಬಂದಾಗ ಒಪ್ಪಂದವೇ ಮುಗಿಯಿತು ಎಂದಿತು ಕರ್ನಾಟಕ. ಆ ಕೆಲವು ಕಲಮುಗಳನ್ನಷ್ಟೇ ಮುಟ್ಟಬಹುದು, ಉಳಿದದ್ದು ಶಾಶ್ವತ ಎಂದಿತು ತಮಿಳುನಾಡು. ಆ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಉತ್ತರ ಸಿಕ್ಕಿದ್ದು 2018ರ ಫೆಬ್ರುವರಿ 16ರಂದು, ಐವತ್ತು ವರ್ಷಕ್ಕೆ ಒಪ್ಪಂದದ ಆಯಸ್ಸು ಮುಗಿದಿತ್ತು ಎಂಬ ಮಾತಿನೊಂದಿಗೆ. ಮರುಪರಿಶೀಲನೆ ಎಂದು ಬರೆದವರು, ಪರಿಶೀಲಿಸಿ ಒಮ್ಮತ ಆಗದಿದ್ದರೆ ಅಲ್ಲಿಯವರೆಗೆ ಏನು ನಡೆಯಬೇಕು ಎಂದು ಬರೆಯಲಿಲ್ಲ. ಆ ಒಂದು ವಾಕ್ಯ ಇಲ್ಲದ್ದಕ್ಕೆ ಮಂಡ್ಯದ ರೈತರೂ ತಂಜಾವೂರಿನ ರೈತರೂ ತೆತ್ತ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಮತ್ತೆ ಘಟ್ಟಕ್ಕೆ ಬರೋಣ. ಪೆರಿಯಾರ್ ಪತ್ರದ ದೊಡ್ಡ ಮೌನ ವಿದ್ಯುತ್ತಿನ ಬಗೆಗಿನದಲ್ಲ, ಸುರಕ್ಷತೆಯ ಬಗೆಗಿನದು. ಕಟ್ಟೆಯ ಕೆಳಗೆ ವಂಡಿಪೆರಿಯಾರ್ ಕಡೆಯ ಜನ ಇದ್ದಾರೆ. ಅವರಿಗೆ ಈ ನೀರಿನಿಂದ ಗದ್ದೆಯಿಲ್ಲ, ಭಯ ಇದೆ. 1979ರ ಆಗಸ್ಟಿನಲ್ಲಿ ಗುಜರಾತಿನ ಮೋರ್ಬಿಯಲ್ಲಿ ಮಚ್ಛು ಅಣೆಕಟ್ಟೆ ಒಡೆದ ಮೇಲೆ ಆ ಭಯಕ್ಕೆ ಮುಖ ಬಂತು. ಅದೇ ನವೆಂಬರಿನಲ್ಲಿ ಕೇಂದ್ರ ಜಲ ಆಯೋಗದ ನೇತೃತ್ವದಲ್ಲಿ ಮಾತುಕತೆಯಾಗಿ, ಬಲಪಡಿಸುವ ಕೆಲಸ ಮುಗಿಯುವತನಕ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. 2006ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟ್ 142 ಅಡಿಗೆ ಅನುಮತಿ ಕೊಟ್ಟಿತು. ಕೇರಳ ಮರುತಿಂಗಳೇ ಕಾನೂನು ತಿದ್ದಿ 136 ಅಡಿಗೆ ಕಟ್ಟಿಹಾಕಿತು. 2014ರ ಮೇ 7ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿ ಅಸಾಂವಿಧಾನಿಕ ಎಂದು ಸಾರಿ, 142 ಅಡಿಯನ್ನು ಎತ್ತಿಹಿಡಿದು, ಮೇಲ್ವಿಚಾರಣಾ ಸಮಿತಿಯೊಂದನ್ನು ಇಟ್ಟಿತು.

ತೂಬಿಗೆ ನೀರು ಏರುವುದು ಸುಮಾರು 104 ಅಡಿಯ ಮೇಲೆ. ಹಾಗಾಗಿ ಕಣಿವೆಗೆ 136 ಮತ್ತು 142ರ ನಡುವಿನ ಆರು ಅಡಿ ಸಣ್ಣದಲ್ಲ. ಕೆಳಗಿನ ಕೇರಳದವರಿಗೂ ಆ ಆರು ಅಡಿ ಸಣ್ಣದಲ್ಲ. ಪತ್ರದಲ್ಲಿ 155 ಅಡಿಯ ರೇಖೆ ಇರುವುದು ಎಷ್ಟು ಭೂಮಿ ಎಂದು ತೋರಿಸಲು. ಆ ರೇಖೆಯವರೆಗೆ ನೀರು ನಿಲ್ಲಿಸುವುದು ಸುರಕ್ಷಿತವೇ ಎಂದು ಯಾರು, ಎಷ್ಟು ವರ್ಷಕ್ಕೊಮ್ಮೆ, ಯಾವ ಅಳತೆಗೋಲಿನಿಂದ ತೀರ್ಮಾನಿಸಬೇಕು ಎಂದು ಹೇಳಲು ಅಲ್ಲ. ಬರೆಯುವಾಗ ಮೇಜಿನ ಎರಡು ಬದಿಯಲ್ಲಿ ಸಂಸ್ಥಾನ ಮತ್ತು ಸಾಮ್ರಾಜ್ಯ ಕೂತಿದ್ದವು. ಕಣಿವೆಯ ರೈತ ಕೂತಿರಲಿಲ್ಲ, ಪೆರಿಯಾರ್ ದಂಡೆಯ ಜನರೂ ಕೂತಿರಲಿಲ್ಲ. ಮೇಜಿನ ಬಳಿ ಇಲ್ಲದವರ ಸಂಗತಿಗಳು ವ್ಯಾಪ್ತಿಯ ಹೊರಗೇ ಉಳಿಯುತ್ತವೆ. ಈ ಲೋಪವನ್ನು ತಕ್ಕಮಟ್ಟಿಗೆ ತುಂಬಿದ್ದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಒಂದು ರಾಜ್ಯದ ಅಣೆಕಟ್ಟೆ ಇನ್ನೊಂದು ರಾಜ್ಯದ ನೆಲದಲ್ಲಿದ್ದರೆ ಅದರ ಸುರಕ್ಷತೆಯ ಹೊಣೆಯನ್ನು ರಾಷ್ಟ್ರೀಯ ಪ್ರಾಧಿಕಾರ ನೋಡಬೇಕು ಎಂದು ಆ ಕಾಯ್ದೆ ಬರೆದೇ ಹೇಳುತ್ತದೆ. 135 ವರ್ಷ ತಡವಾಗಿ ಬಂದ ಕಲಮು.

ಅಳತೆ ಮಾಡಿದ್ದೇವೆಂಬ ಭರವಸೆಯೂ ಪೂರ್ತಿ ನಿಲ್ಲಲಿಲ್ಲ. ತೇಕ್ಕಡಿಯ ಬಳಿ ಆನವಚ್ಚಾಲ್ ಎಂಬಲ್ಲಿ ಕೇರಳ ವಾಹನ ನಿಲುಗಡೆ ತಾಣ ಮಾಡಹೊರಟಾಗ ಅದು ಗುತ್ತಿಗೆ ಭೂಮಿಯೊಳಗಿದೆ ಎಂದು ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ನವೆಂಬರಿನಲ್ಲಿ ಕೋರ್ಟ್ ಭಾರತೀಯ ಸರ್ವೇಕ್ಷಣಾ ಇಲಾಖೆಯಿಂದ ಅಳತೆ ಮಾಡಿಸಲು ಹೇಳಿತು. ಕಾಗದದ ಮೇಲಿನ ರೇಖೆಗೆ ನೆಲದ ಮೇಲೆ ಕಲ್ಲು ನೆಟ್ಟು, ಎರಡೂ ಕಡೆಯವರು ಕಾಲಕಾಲಕ್ಕೆ ಒಟ್ಟಿಗೆ ನಡೆದು ನೋಡುವ ಏರ್ಪಾಡು ಇಲ್ಲದಿದ್ದರೆ ಅಡಿ ಲೆಕ್ಕದಲ್ಲಿ ಬರೆದ ಎಲ್ಲೆಯೂ ಮಸುಕಾಗುತ್ತದೆ.

ಇದು ಸರ್ಕಾರ ಸರ್ಕಾರಗಳ ಮಾತು, ಸಾಮಾನ್ಯರಿಗೆ ಇದರಲ್ಲೇನು ಎಂದು ಅನ್ನಿಸಬಹುದು. ಹಾಗಿಲ್ಲ. ಅದೇ ಕಣಿವೆಯ ಭತ್ತದ ರೈತನ ಕೈಯಲ್ಲೊಂದು ಸಣ್ಣ ಪತ್ರ ಇರುತ್ತದೆ, ಬೆಳೆ ವಿಮೆಯದು. 2016ರಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯಕ್ಕೆ ರೈತನ ಕಂತು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ 5. ಕಂತಿನ ಅಂಕಿ ಎಲ್ಲರಿಗೂ ಬಾಯಿಪಾಠ. ಯಾವ ನಷ್ಟ ಒಳಗೆ, ಯಾವುದು ಹೊರಗೆ ಎಂಬುದು ನಷ್ಟವಾದ ಮೇಲೆಯೇ ತಿಳಿಯುವುದು. ಕೊಯ್ದು ಗದ್ದೆಯಲ್ಲಿ ಹರಡಿದ ಪೈರು ಅಕಾಲ ಮಳೆಗೆ ಸಿಕ್ಕರೆ 14 ದಿನದವರೆಗೆ ರಕ್ಷಣೆ ಇದೆ, ಹದಿನೈದನೆಯ ದಿನಕ್ಕೆ ಇಲ್ಲ. ಭತ್ತದ ಗದ್ದೆ ನೀರಲ್ಲಿ ಮುಳುಗಿದರೆ ಆ ಹೊಲಕ್ಕೆ ಪ್ರತ್ಯೇಕವಾಗಿ ಪರಿಹಾರ ಕೊಡುವ ಅವಕಾಶವನ್ನು 2018ರಲ್ಲಿ ತೆಗೆದರು. 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ 2025ರ ನವೆಂಬರಿನಲ್ಲಿ ಕೇಂದ್ರ ಪ್ರಕಟಿಸಿತು. ನಡುವಿನ ವರ್ಷಗಳಲ್ಲಿ ಮುಳುಗಿದ ಪೈರಿಗೂ ಮುಂದೆ ಮುಳುಗುವ ಪೈರಿಗೂ ನೀರು ಒಂದೇ, ಕೊಳೆಯುವ ರೀತಿ ಒಂದೇ. ಬದಲಾದದ್ದು ವ್ಯಾಪ್ತಿಯ ಪಟ್ಟಿಯಲ್ಲಿನ ಒಂದು ನಮೂದು. ವಿಮೆಯ ಕಂತು ಎಷ್ಟೆಂದು ಹೇಳುವ ಮೊದಲು ಅದು ಯಾವ ನಷ್ಟಕ್ಕೆ ಅನ್ವಯಿಸುವುದಿಲ್ಲ ಎಂದು ರೈತನ ಭಾಷೆಯಲ್ಲಿ ಹೇಳುವುದು ಕಾನೂನಿನ ಕಡ್ಡಾಯವಾಗಬೇಕು. ಕಂಬಂನ ರೈತನಿಗೆ ತಮಿಳಿನಲ್ಲಿ, ಮಂಡ್ಯದವನಿಗೆ ಕನ್ನಡದಲ್ಲಿ.

ವ್ಯಾಪ್ತಿಯನ್ನು ಅಗಲವಾದ ಮಾತಿನಲ್ಲಿ ಬಿಟ್ಟರೆ ಮುಂದೆ ಹೊಂದಿಸಿಕೊಳ್ಳಲು ಅನುಕೂಲ, ಎಲ್ಲವನ್ನೂ ಕೆದಕಿ ಬರೆಯಹೊರಟರೆ ಒಪ್ಪಂದವೇ ಆಗುವುದಿಲ್ಲ ಎಂದು ಅನುಭವಿಗಳು ಹೇಳುವುದುಂಟು. ಆ ಮಾತಿನಲ್ಲಿ ಹುರುಳಿದೆ. ಆದರೆ ಅಗಲವಾದ ಮಾತಿನ ಅನುಕೂಲ ಸಿಗುವುದು ಯಾರ ಕೈಯಲ್ಲಿ ತೂಬಿನ ಬೀಗ ಇದೆಯೋ ಅವರಿಗೆ. ಉಳಿದವರು ಕೋರ್ಟಿಗೆ ಹೋಗಬೇಕು. ಕೋರ್ಟಿಗೆ ಹೋಗುವ ಶಕ್ತಿ ರಾಜ್ಯಗಳಿಗಿದೆ, ಗೂಡಲೂರಿನ ಒಕ್ಕಲಿಗೆ ಇಲ್ಲ.

ಆ ಒಕ್ಕಲಿನ ಮುಂದೆ ಈಗ ಬಂದಿರುವುದು ಕೇರಳದ ಪ್ರಶ್ನೆಯಲ್ಲ, ಮದುರೆಯದು. ಲೋವರ್ ಕ್ಯಾಂಪಿನಿಂದ ನೇರವಾಗಿ ಕೊಳವೆಯಲ್ಲಿ ಮದುರೆ ನಗರಕ್ಕೆ ದಿನಕ್ಕೆ 125 ದಶಲಕ್ಷ ಲೀಟರ್ ಕುಡಿಯುವ ನೀರು ಒಯ್ಯುವ ಯೋಜನೆಗೆ ಕಂಬಂ ಕಣಿವೆಯ ರೈತರು ಪ್ರತಿಭಟಿಸಿದರು. ಮದುರೆಗೆ ನೀರು ಬೇಡ ಎಂಬುದು ಅವರ ವಾದವಾಗಿರಲಿಲ್ಲ. ಗದ್ದೆಗಳನ್ನು ಹಾದು ಹೋಗಿ ವೈಗೈ ಅಣೆಕಟ್ಟೆ ಸೇರಿದ ನೀರನ್ನು ಅಲ್ಲಿಂದ ತೆಗೆದುಕೊಳ್ಳಿ ಎಂದು ಅವರು ಕೇಳಿದರು. ಆ ಬೇಡಿಕೆಯನ್ನು ಬಿಡಿಸಿದರೆ ಒಂದು ಒಳ್ಳೆಯ ಕರಾರಿನ ಕಲಮು ಸಿಗುತ್ತದೆ: ನೀರನ್ನು ಯಾವ ಜಾಗದಿಂದ ಎತ್ತಬೇಕು, ದಿನಕ್ಕೆ ಎಷ್ಟು, ಯಾವ ತಿಂಗಳುಗಳಲ್ಲಿ, ಕಟ್ಟೆಯ ಮಟ್ಟ ಎಷ್ಟಕ್ಕೆ ಇಳಿದರೆ ಯಾರದ್ದು ಮೊದಲು ನಿಲ್ಲಬೇಕು, ಇದನ್ನೆಲ್ಲ ಎಷ್ಟು ವರ್ಷಕ್ಕೊಮ್ಮೆ ಯಾರು ಕೂತು ಮತ್ತೆ ನೋಡಬೇಕು. 14,707 ಎಕರೆಯವರ ಪ್ರತಿನಿಧಿಗಳನ್ನು ಕೂರಿಸಿಕೊಂಡು ಈ ಐದನ್ನು ಬರೆದು ಸಹಿ ಹಾಕುವ ಕೆಲಸ ಎರಡು ರಾಜ್ಯಗಳ ಜಗಳ ಬಗೆಹರಿಯುವವರೆಗೆ ಕಾಯಬೇಕಿಲ್ಲ. ಅದಕ್ಕೆ ಬೇಕಾದವರೆಲ್ಲ ಘಟ್ಟದ ಈ ಬದಿಯಲ್ಲೇ ಇದ್ದಾರೆ.